ಹೆಜ್ಜೆ ಉಳಿಸದ ಮರಳು

ಔಸ್ಮಾಗೆ ಎಪ್ಪತ್ತಮೂರು ವರ್ಷ. ಅವಳು ದನಿ ಎತ್ತಿ ಬೈದದ್ದನ್ನು ಲಾಟ್ವಿಯಾದ ಕಾರ್ಕ್ಲೆ ಊರಿನಲ್ಲಿ ಕೇಳಿದ್ದು ಹಸುಗಳು ಮಾತ್ರ, ಅದೂ ಕೆಚ್ಚಲು ತೊಳೆಯುವಾಗ ಒದ್ದರೆ. ಆ ಬೇಸಿಗೆಯ ಗುರುವಾರ ಮಾತ್ರ ಬಂಗಲೆಯ ಗೇಟಿನ ಮುಂದೆ ಅವಳ ದನಿ ಚರ್ಚಿನವರೆಗೂ ಕೇಳಿಸಿತು.

ಕಾರ್ಕ್ಲೆ ಎಂದರೆ ಬಂಗಲೆಯ ಬಾಲಕ್ಕೆ ಅಂಟಿಕೊಂಡ ಇಪ್ಪತ್ತು ಮನೆ. ಬಂಗಲೆಯನ್ನು ಜರ್ಮನ್ ಜಮೀನ್ದಾರ ಬ್ಯಾರನ್ ಕಟ್ಟಿದ ಎಂದು ಹೊಸದಾಗಿ ನೆಟ್ಟ ಬೋರ್ಡು ಹೇಳುತ್ತದೆ. ಇಟ್ಟಿಗೆ ಹೊತ್ತವಳು ಔಸ್ಮಾಳ ಮುತ್ತಜ್ಜಿ, ಬೋರ್ಡಿನಲ್ಲಿ ಅವಳಿಲ್ಲ. ಲಾಟ್ವಿಯಾ ಸ್ವತಂತ್ರವಾದಾಗ ಬ್ಯಾರನ್ನನ ಹೊಲವನ್ನು ಆಳುಗಳಿಗೆ ಹಂಚಿದರು. ರಷ್ಯನ್ನರು ಬಂದು ಆ ಹೊಲವನ್ನೆಲ್ಲ ಮತ್ತೆ ಒಟ್ಟುಗೂಡಿಸಿ, ಬ್ಯಾರನ್ನನ ಕುಣಿತದ ಹಜಾರದಲ್ಲಿ ಗೋಧಿ ತುಂಬಿಸಿದರು. ಔಸ್ಮಾ ಹದಿನೇಳಕ್ಕೇ ಅಲ್ಲಿನ ಕೊಟ್ಟಿಗೆಯಲ್ಲಿ ಹಾಲು ಕರೆಯತೊಡಗಿ, ಬೆರಳು ಸೊಟ್ಟಗಾಗುವ ತನಕ ಕರೆದಳು. ಆಮೇಲೆ ರಷ್ಯನ್ನರೂ ಹೋದರು. ಬಂಗಲೆಯ ಚಾವಣಿ ಕುಸಿಯಿತು. ಈಗ ರೀಗಾದ ಯಾರೋ ಕೊಂಡು ಹೋಟೆಲು ಮಾಡುತ್ತಿದ್ದಾರೆ. ಇಷ್ಟೆಲ್ಲ ಯಜಮಾನರು ಬದಲಾದರೂ ಔಸ್ಮಾಳ ಶನಿವಾರ ಬದಲಾಗಲಿಲ್ಲ.

ಬಂಗಲೆಯ ತೋಟದಾಚೆ, ಪೈನ್ ಮರಗಳ ಕೆಳಗೆ, ಆಳುಗಳನ್ನು ಹೂಳುತ್ತಿದ್ದ ಜಾಗವಿದೆ. ಚರ್ಚಿನ ಗೋಡೆಯೊಳಗೆ ಬ್ಯಾರನ್ನನ ಮನೆಯವರಿಗಷ್ಟೇ ಎಡೆ. ಆಳುಗಳಿಗೆ ಸಿಕ್ಕಿದ್ದು ಮರಳು, ಮೇಲೊಂದು ಮರದ ಶಿಲುಬೆ. ಶಿಲುಬೆಗಳು ಯಾವಾಗಲೋ ಕೊಳೆತುಹೋದವು. ಉಳಿದದ್ದು ಮರಳನ್ನು ಹಲ್ಲು ಹಲ್ಲಿನ ಕೈ ಹಲುಬೆಯಿಂದ ಗೀರುವ ಪದ್ಧತಿ. ಶನಿವಾರ ಹೋಗಿ, ಒಂದೊಂದು ಹೆಸರು ಹೇಳುತ್ತ ಒಂದೊಂದು ಸಾಲು ಗೀರಬೇಕು; ಆ ಗೀರು ವಾರದೊಳಗೆ ಗಾಳಿಗೆ ಮಾಸುತ್ತದೆ. ಕೊನೆಗೆ ಹಿಂದು ಹಿಂದಕ್ಕೆ ನಡೆಯುತ್ತ ತನ್ನ ಹೆಜ್ಜೆಯನ್ನೂ ಅಳಿಸಿಕೊಂಡು ಹೊರಬರಬೇಕು. ಸತ್ತವರ ಮೇಲೆ ಬದುಕಿದವರ ಹೆಜ್ಜೆ ಉಳಿಯಬಾರದು. ಅಮ್ಮ ಕಲಿಸಿದ್ದು ಹಾಗೆ.

ಗುರುವಾರ ಹೋಟೆಲಿನ ಮ್ಯಾನೇಜರ್ ಗುಂಡಾರ್ಸ್ ಗೇಟಿನ ಬಳಿ ನಕ್ಷೆ ಬಿಡಿಸಿ ತೋರಿಸಿದ.

“ಸೋಮವಾರ ಜೆಸಿಬಿ ಬರತ್ತೆ ಅಮ್ಮಾ. ಅಲ್ಲಿ ಕಾರ್ ಪಾರ್ಕಿಂಗು.”

“ಅಲ್ಲಿ ಜನ ಮಲಗಿದ್ದಾರೆ ಕಣಪ್ಪಾ!”

“ಸರ್ವೆಯವರು ಎರಡು ಸಲ ನೋಡಿದ್ದಾರೆ. ಕಲ್ಲಿಲ್ಲ, ಶಿಲುಬೆ ಇಲ್ಲ, ಒಂದು ಹೆಜ್ಜೆ ಗುರುತೂ ಇಲ್ಲ. ‘ಬಳಕೆಯಲ್ಲಿಲ್ಲದ ಖಾಲಿ ಮರಳು’ ಅಂತ ಬರೆದಿದ್ದಾರೆ, ಓದಿ.”

“ಖಾಲಿ? ನಿಮ್ಮಪ್ಪನ ತಲೆ ಖಾಲಿ! ಐವತ್ತು ವರ್ಷದಿಂದ ವಾರವಾರ ಬರ್ತಿದೀನಿ ನಾನು!”

“ಬಂದಿದ್ದಕ್ಕೆ ಗುರುತೇನಿದೆ?”

ಅವನೇನೂ ಕೆಟ್ಟವನಲ್ಲ, ಅದೇ ಅವಳನ್ನು ಹೆಚ್ಚು ಉರಿಸಿತು. ಆ ಗುರುತನ್ನು ಇಷ್ಟು ಅಚ್ಚುಕಟ್ಟಾಗಿ ಅಳಿಸಿದ್ದು ಬ್ಯಾರನ್ ಅಲ್ಲ, ರಷ್ಯನ್ನರೂ ಅಲ್ಲ. ಅಮ್ಮ ಮತ್ತು ತಾನು, ಮರದ ಹಲುಬೆ ಹಿಡಿದು, ಭಕ್ತಿಯಿಂದ.

ಮನೆಗೆ ಬಂದವಳು ಪಾತ್ರೆಗಳನ್ನು ಕುಕ್ಕಿದಳು. ಮೊಮ್ಮಗನ ಹೆಂಡತಿ ದೈಗಾ ಮಗುವಿಗೆ ಹಾಲೂಡಿಸುತ್ತ ಎಲ್ಲ ಕೇಳಿಸಿಕೊಂಡಳು.

“ಹೆಸರು ಎಷ್ಟಿವೆ ಅಜ್ಜೀ?”

“ಹತ್ತೊಂಬತ್ತು.”

“ಎಲ್ಲಿ ಬರೆದಿಟ್ಟಿದ್ದೀರಿ?”

“ಇಲ್ಲಿ.” ಔಸ್ಮಾ ಹಣೆ ತಟ್ಟಿ ತೋರಿಸಿದಳು.

“ಅದನ್ನ ಸರ್ವೆಯವರು ಓದೋಕಾಗಲ್ವಲ್ಲ. ಹೇಳಿ, ಬರ್ಕೋತೀನಿ. ನಿಧಾನ, ನನಗೀಗ ಒಂದೇ ಕೈ ಇರೋದು.”

ಮಗು ಮಲಗಿದ ಹೊತ್ತನ್ನೂ ಹಲ್ಲು ಬಂದ ದಿನವನ್ನೂ ಗುರುತು ಹಾಕುತ್ತಿದ್ದ ನೋಟುಪುಸ್ತಕದಲ್ಲಿ ದೈಗಾ ಬರೆದಳು: ಕುರಿ ಕಾಯುತ್ತಿದ್ದ ಕ್ರಿಶ್ಯಾನಿಸ್. ಕಮ್ಮಾರ ಇಂದ್ರಿಕಿಸ್. ಅಡುಗೆಯ ಲವೀಜೆ, ಅವಳ ಪಕ್ಕದಲ್ಲಿ ಹೆಸರಿಡುವ ಮುಂಚೆಯೇ ಹೋದ ಎರಡು ಕೂಸು. ಅಲ್ಲಿಗೆ ಬಂದಾಗ ದೈಗಾ ಪೆನ್ನು ಕೆಳಗಿಟ್ಟು ಮಗುವನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡಳು. ಆಮೇಲೆ ಮತ್ತೆ ಬರೆದಳು.

ಶುಕ್ರವಾರವಿಡೀ ಬರ್ಚ್ ಮರದ ಗೂಟ ಸೀಳಿ, ಬೇಲಿಗೆ ಬಳಿದು ಉಳಿದಿದ್ದ ಬಣ್ಣದಲ್ಲಿ ಹೆಸರು ಬರೆದರು. ಶನಿವಾರ ಔಸ್ಮಾ ಎಂದಿನಂತೆ ಸಾಲು ಗೀರಿ, ಒಂದೊಂದು ಸಾಲಿನ ತಲೆಗೂ ಗೂಟ ಹೊಡೆದಳು. ಒಂದೊಂದು ಏಟಿಗೂ ಒಂದೊಂದು ಬೈಗುಳ: ಸರ್ವೆಯವನಿಗೆ, ಬ್ಯಾರನ್ನನಿಗೆ, ತನಗೆ. ಹಿಂದು ಹಿಂದಕ್ಕೆ ನಡೆಯುವ ಹೊತ್ತು ಬಂದಾಗ ಹಲುಬೆಯನ್ನು ಪೈನ್ ಮರಕ್ಕೆ ಒರಗಿಸಿದಳು. ರಬ್ಬರು ಬೂಟು ಒತ್ತಿ ಒತ್ತಿ ಸಾಲುಗಳ ನಡುವೆ ನೆಟ್ಟಗೆ ಮುಂದಕ್ಕೆ ನಡೆದಳು.

“ಅಮ್ಮಾ, ಬೈಕೋಬೇಡ,” ಎಂದಳು ಮರಳಿಗೆ.

ಸೋಮವಾರ ಜೆಸಿಬಿ ಬಂದಾಗ ಔಸ್ಮಾ ಪೈನ್ ಮರದಡಿ ಕಾದು ನಿಂತಿದ್ದಳು. ಡ್ರೈವರು ಪಕ್ಕದ ಊರಿನವನು. ಮೊದಲ ಗೂಟ ಓದಿದ, ಎರಡನೆಯದು ಓದಿದ, ಎಂಜಿನ್ ಆರಿಸಿದ.

“ಯಾಕೆ ನಿಲ್ಸಿದೆ?” ಗುಂಡಾರ್ಸ್ ಕೂಗಿದ.

“ಗೋರಿ ಮೇಲೆ ಗಾಡಿ ಓಡ್ಸಿದ್ರೆ ನಮ್ಮಮ್ಮ ನನ್ನ ಕಾಲು ಮುರೀತಾಳೆ ಸಾರ್. ನೀವೇ ಓಡ್ಸಿ, ಕೀ ತಗೊಳ್ಳಿ.”

ಗುಂಡಾರ್ಸ್ ಕೀ ಮುಟ್ಟಲಿಲ್ಲ. ಗೂಟಗಳನ್ನೂ ಬೂಟಿನ ಗುರುತುಗಳನ್ನೂ ನೋಡುತ್ತ ನಿಂತು, ಕಡೆಗೆ ಫೋನ್ ತೆಗೆದ. “ಸರ್ವೆಯವರನ್ನ ಮತ್ತೆ ಕರೆಸ್ತೀನಿ ಅಮ್ಮಾ. ನಕ್ಷೆ ಬದಲಾಗೋವರೆಗೂ ಇಲ್ಲಿ ಏನೂ ಅಗೆಯಲ್ಲ.”

ಔಸ್ಮಾ ಥ್ಯಾಂಕ್ಸ್ ಹೇಳಲಿಲ್ಲ. “ಕರೆಸಪ್ಪಾ. ಲವೀಜೆ ಹೆಸರಲ್ಲಿ ದೀರ್ಘ ಇದೆ, ಸರಿಯಾಗಿ ಬರೀಬೇಕು ಅಂತ ಹೇಳು. ಆ ಬೋರ್ಡಿಗೂ ಇಟ್ಟಿಗೆ ಹೊತ್ತವಳನ್ನ ಸೇರಿಸು.”

ಸರ್ವೆಯವರು ಬರುವವರೆಗೆ ಎರಡು ಶನಿವಾರ ಕಳೆದವು. ಎರಡೂ ಶನಿವಾರ ಅವಳು ಅಲ್ಲಿಗೆ ಹೋದಳು, ಹತ್ತೊಂಬತ್ತು ಹೆಸರು ಹೇಳಿದಳು, ಹಲುಬೆ ಮಾತ್ರ ಮುಟ್ಟಲಿಲ್ಲ.