ಎಡಗಡೆಯ ಹಬ್

ನಮ್ಮ ಬೀದಿಯ ದಿಣ್ಣೆಯಣ್ಣನಿಗೆ ಶರ್ಟು ಹೊಲಿಯುವುದು ನನ್ನ ಪಾಲಿಗೆ ಯಾವಾಗಲೂ ಜಗಳದ ಕೆಲಸ. ಎದೆಗೆ ಟೇಪು ಸುತ್ತಿದ ಕೂಡಲೇ ಉಸಿರು ಬಿಗಿಹಿಡಿದು ಉಬ್ಬಿ ನಿಲ್ಲುತ್ತಿದ್ದ. ಆ ಅಳತೆಗೆ ಹೊಲಿದುಕೊಟ್ಟರೆ ಮರುವಾರ ಅಂಗಡಿ ತುಂಬ ಗಿರಾಕಿಗಳಿರುವಾಗ ಬಂದು, "ಏನಯ್ಯಾ ದರ್ಜಿ, ಇದು ಶರ್ಟೋ, ಗಾಡಿಗೆ ಹೊದಿಸೋ ಟಾರ್ಪಾಲೋ?" ಎಂದು ಕೂಗಾಡುತ್ತಿದ್ದ. ಎದುರು ಮನೆಯವನು, ವಯಸ್ಸಿನಲ್ಲಿ ಹಿರಿಯ, ಹಾಗಾಗಿ ಬಾಯಲ್ಲಿ ಅಣ್ಣ ಎನ್ನುತ್ತೇನೆ. ಬರೆಯುವಾಗ ಮಾತ್ರ ಬಹುವಚನ ಕೈಗೆ ಬರುವುದಿಲ್ಲ. ಯಾಕೆಂದು ಮುಂದೆ ನಿಮಗೇ ತಿಳಿಯುತ್ತದೆ.

ದಿಣ್ಣೆ ಎನ್ನುವ ಹೆಸರು ಅವನಿಗೆ ಬಂದದ್ದು ಕರಡಿ ಗಾಡಿಯ ಶೋರೂಮಿನಿಂದ. ಮೂತಿಯ ಮೇಲೆ ಕರಡಿಯ ಮುಖದ ಗುರುತಿದ್ದ ಆ ಗಾಡಿಯ ನಿಜವಾದ ಹೆಸರು ನಾಲಿಗೆ ಹೊರಳಿಸಿ ಹೇಳಬೇಕಾದದ್ದು, ನಾವು ಯಾರೂ ಹೇಳುತ್ತಿರಲಿಲ್ಲ. ಮರದ ವ್ಯಾಪಾರಿಗಳು, ಕಲ್ಲು ಕ್ವಾರಿಯವರು, ಅಣೆಕಟ್ಟು ಕಟ್ಟುವ ಎಂಜಿನಿಯರುಗಳು ಕೊಳ್ಳುತ್ತಿದ್ದರು. ಶೋರೂಮಿನ ಹಿಂದೆ ಮಣ್ಣು ಸುರಿದು ಆಳೆರಡಾಳು ಎತ್ತರದ ಒಂದು ದಿಣ್ಣೆ ಮಾಡಿದ್ದರು. ಗಿರಾಕಿಯನ್ನು ಕೂರಿಸಿಕೊಂಡು ಅದನ್ನು ಹತ್ತಿ ಇಳಿಸಿ ತೋರಿಸುವುದೇ ಇವನ ಕೆಲಸ. ಗಾಡಿ ತೊಳೆಯಲು ಸೇರಿದವನು ದಿಣ್ಣೆ ಹತ್ತುವವನಾದ ಮೇಲೆ ನೆಲ ಕಾಣದ ಹಾಗೆ ನಡೆಯತೊಡಗಿದ. ಗಾಡಿ ಹತ್ತುತ್ತಿದ್ದುದು ಎಂಜಿನ್ನಿನಿಂದ ಎಂಬುದು ಅವನಿಗೆ ಮರೆತೇ ಹೋಗಿತ್ತು.

ಆ ಕಾಲದ ಕರಡಿ ಗಾಡಿ ಮಾಮೂಲಿ ರಸ್ತೆಯಲ್ಲಿ ಹಿಂದಿನ ಎರಡು ಚಕ್ರಗಳ ಬಲದ ಮೇಲೇ ಓಡುತ್ತಿತ್ತು. ನಾಲ್ಕೂ ಚಕ್ರ ಎಳೆಯಬೇಕಾದರೆ ಕೆಳಗಿಳಿದು, ಮುಂದಿನ ಒಂದೊಂದು ಚಕ್ರದ ನಡುಮಧ್ಯೆ ಮುಷ್ಟಿಯಷ್ಟು ಗಾತ್ರಕ್ಕಿದ್ದ ಹಬ್ ಎಂಬ ಬಿರಡೆಯನ್ನು ಕೈಯಿಂದ ತಿರುಗಿಸಿ ಲಾಕ್ ಮಾಡಬೇಕು. ಬಲಕ್ಕೊಂದು, ಎಡಕ್ಕೊಂದು. ಆಮೇಲೆ ಒಳಗೆ ಕೂತು ಸಣ್ಣ ಲಿವರ್ ಎಳೆಯಬೇಕು. ಎಳೆದರೆ ಎದುರಿಗೆ ಹಸಿರು ದೀಪ ಹತ್ತುತ್ತದೆ. ಹಬ್ ಲಾಕ್ ಆಗಿದೆಯೋ ಇಲ್ಲವೋ ಆ ದೀಪಕ್ಕೆ ಗೊತ್ತಿಲ್ಲ, ಅದು ಲಿವರ್ ಎಳೆದದ್ದಕ್ಕೆ ಹತ್ತುತ್ತದೆ, ಅಷ್ಟೇ. ಎರಡರಲ್ಲಿ ಒಂದು ಹಬ್ ಬಿಟ್ಟುಹೋದರೂ ಮುಂದಿನ ಚಕ್ರಗಳು ಎಳೆಯುವುದಿಲ್ಲ, ಸುಮ್ಮನೆ ಹಿಂದಿನವು ತಳ್ಳಿದ ಹಾಗೆ ಉರುಳುತ್ತವೆ. ಇದನ್ನೆಲ್ಲ ನನಗೆ ಹೇಳಿದವನು ಅವನೇ. ಕೇಳದಿದ್ದರೂ ಹೇಳುತ್ತಿದ್ದ.

ಅವನಿಗೆ ಮದುವೆಯಾದ ಹೊಸತರಲ್ಲಿ ಶೋರೂಮಿನ ಯಜಮಾನನಿಗೆ ಒಂದು ಉಪಾಯ ಹೊಳೆಯಿತು. ಗಿರಾಕಿಗಳ ಹೆಂಡತಿಯರು ದಿಣ್ಣೆ ಕಂಡು ಹೆದರುತ್ತಿದ್ದರು. ಡ್ರೈವರನ ಹೆಂಡತಿಯೇ ಮುಂದೆ ಕೂತರೆ ಧೈರ್ಯ ಬರುತ್ತದಲ್ಲ! ಹೀಗೆ ಅತ್ತಿಗೆ ದಿನವೂ ಬೆಳಿಗ್ಗೆ ಒಳ್ಳೆಯ ಸೀರೆಯುಟ್ಟು ಶೋರೂಮಿಗೆ ಹೋಗಿ, ಕರೆದಾಗಲೆಲ್ಲ ಗಾಡಿಯಲ್ಲಿ ಕೂತು, ದಿಣ್ಣೆ ಹತ್ತಿ ಇಳಿದು, ನಗುತ್ತ ಇರಬೇಕಾಯಿತು. ಸಂಬಳದ ಮಾತು ಯಾರೂ ಎತ್ತಲಿಲ್ಲ. ಸುಮ್ಮನೆ ಕೂತಿರುತ್ತಾಳಲ್ಲ ಎಂದು ಗಂಡ ಎಡಗಡೆಯ ಹಬ್ ತಿರುಗಿಸುವ ಕೆಲಸವನ್ನೂ ಅವರಿಗೇ ಹಚ್ಚಿದ. ಗಾಡಿ ಸುತ್ತಿ ಬರುವ ನಾಲ್ಕು ಹೆಜ್ಜೆ ಅವನಿಗೆ ಉಳಿಯಿತು. ಬಲಗಡೆಯದು ಅವನದು, ಎಡಗಡೆಯದು ಅವರದು. ಇಬ್ಬರೂ ಹತ್ತಿ ಕೂತ ಮೇಲೆ ಅವನು ಕೇಳುತ್ತಿದ್ದ, "ಹಾಕಿದ್ಯಾ?" ಅವರು ಹೇಳುತ್ತಿದ್ದರು, "ಹೂಂ, ಹಾಕ್ದೆ."

ಒಂದು ಸಲ ಅವರು ತಿರುಗಿಸಿದ್ದು ಪೂರ್ತಿ ಕೂತಿರಲಿಲ್ಲ. ಗಾಡಿ ದಿಣ್ಣೆಯ ಅರ್ಧಕ್ಕೆ ಹೋಗಿ ಹಿಂದಕ್ಕೆ ಜಾರಿತು. ಒಳಗೆ ಯಾರೋ ದೊಡ್ಡ ಕಂಟ್ರಾಕ್ಟರು ಕೂತಿದ್ದ. ದಿಣ್ಣೆಯಣ್ಣ ಕೆಳಗಿಳಿದು, ಹೆಂಡತಿಯ ಕೈಹಿಡಿದು ಎಳೆದು ಚಕ್ರದ ಮುಂದೆ ಕುಕ್ಕರಿಸಿ, ಎಲ್ಲರೆದುರು, "ಇದು ಲಾಕಾ? ಇದು ಲಾಕಾ? ನಿಂಗೆ ಕೈ ಇದೆಯೋ ಬರೀ ಬಳೆ ಹಾಕ್ಕೊಳ್ಳೋಕೆ ಎರಡು ಕೋಲು ಇಟ್ಕೊಂಡಿದೀಯೋ?" ಎಂದ. ಕಂಟ್ರಾಕ್ಟರು ಹೊಟ್ಟೆ ಹಿಡಿದು ನಕ್ಕು ಗಾಡಿಯನ್ನೂ ಕೊಂಡ. ಅಲ್ಲಿಂದ ಮುಂದೆ ಅತ್ತಿಗೆಯ ಹೂಂ ಎಷ್ಟು ಬೇಗ ಬರುತ್ತಿತ್ತೆಂದರೆ ಗಂಡನ ಪ್ರಶ್ನೆ ಮುಗಿಯುವುದರೊಳಗೆ ಬಂದುಬಿಡುತ್ತಿತ್ತು. ಮನೆಯಲ್ಲಿಯೂ ಅಷ್ಟೇ. ಬಾಗಿಲು ಹಾಕಿದ್ಯಾ ಎಂದರೂ ಹೂಂ, ಎಳನೀರಿನಷ್ಟು ತಣ್ಣಗಿದ್ದ ಸ್ನಾನದ ನೀರನ್ನು ಕಾಯಿಸಿದ್ಯಾ ಎಂದರೂ ಹೂಂ.

ಆಮೇಲೆ ಕಾಲ ತಿರುಗಿತು. ಕಾಡಿನ ದಾರಿಗಳಿಗೆಲ್ಲ ಡಾಂಬರು ಬಿತ್ತು, ಡೀಸೆಲ್ ದರ ಏರಿತು, ಒಂದು ಕೈಯಲ್ಲಿ ತಿರುಗಿಸಬಹುದಾದ ಪುಟ್ಟ ಕಾರುಗಳು ಬಂದವು. ಕರಡಿ ಕುಡಿಯೋದು ಜಾಸ್ತಿ, ಓಡೋದು ಕಮ್ಮಿ ಎಂದು ಜನ ಆಡಿಕೊಂಡರು. ನಿನ್ನೆಯವರೆಗೆ ಕರಡಿ ಗಾಡಿಯ ಮುಂದೆ ನಿಂತು ಫೋಟೊ ಹೊಡೆಸಿಕೊಂಡವರೇ ಅದನ್ನು ಮಾರುವಾಗ ಮುಖ ಮುಚ್ಚಿಕೊಳ್ಳತೊಡಗಿದರು. ಶೋರೂಮು ಮುಚ್ಚಿ ಸೋಫಾ ಅಂಗಡಿಯಾಯಿತು. ದಿಣ್ಣೆ ಅಗೆದು ಸಮ ಮಾಡಿ ಗಾಡಿ ನಿಲ್ಲಿಸುವ ಜಾಗ ಮಾಡಿದರು. ಯಾರೂ ಕೇಳುವವರಿಲ್ಲದ ಹಳೆಯ ಡೆಮೊ ಗಾಡಿಯನ್ನು ಇವನ ಕೊರಳಿಗೆ ಕಟ್ಟಿ ಯಜಮಾನ ಕೈತೊಳೆದುಕೊಂಡ. ದಿಣ್ಣೆಯಣ್ಣ ಅದೇ ಸೋಫಾ ಅಂಗಡಿಯ ಸಣ್ಣ ವ್ಯಾನು ಓಡಿಸುವ ಕೆಲಸಕ್ಕೆ ಸೇರಿದ. ಆ ವ್ಯಾನನ್ನು ನಮ್ಮ ಬೀದಿಗೆ ತರುತ್ತಿರಲಿಲ್ಲ. ಮೂಲೆಯಾಚೆ ನಿಲ್ಲಿಸಿ, ಏನೂ ಗೊತ್ತಿಲ್ಲದವನ ಹಾಗೆ ನಡೆದು ಬರುತ್ತಿದ್ದ. ಬೀದಿಗೆಲ್ಲ ಗೊತ್ತಿತ್ತು.

ಹೊರಗಿನ ಅವಮಾನಕ್ಕೆಲ್ಲ ಮನೆಯಲ್ಲಿ ಅತ್ತಿಗೆ ಬೆಲೆ ತೆತ್ತರು. ಭಾನುವಾರ ಬಂತೆಂದರೆ ಅವರನ್ನು ಕರಡಿ ಗಾಡಿಯಲ್ಲಿ ಕೂರಿಸಿಕೊಂಡು ಊರ ಹಿಂದಿನ ಇಟ್ಟಿಗೆ ಗೂಡಿನ ಜೇಡಿಗುಂಡಿಗೆ ಹೋಗುತ್ತಿದ್ದ. ಗುಂಡಿಯ ಅಂಚಿನಲ್ಲಿ ಬಲಗಡೆ ಅವನು, ಎಡಗಡೆ ಅವರು. ಹಾಕಿದ್ಯಾ? ಹೂಂ, ಹಾಕ್ದೆ. ಗುಂಡಿ ದಾಟಿ ಆಚೆ ಏರಿ, ಇಟ್ಟಿಗೆ ಹೊರುವವರು ನೋಡುತ್ತಿದ್ದಾರೋ ಇಲ್ಲವೋ ಎಂದು ತಿರುಗಿ ನೋಡಿ ಮನೆಗೆ ಬರುತ್ತಿದ್ದ. ಹೊರುವವರಿಗೆ ಕೆಲಸವಿತ್ತು, ನೋಡುತ್ತಿರಲಿಲ್ಲ.

ಅಷ್ಟರಲ್ಲಿ ನಾನೊಂದು ಪುಟ್ಟ ಕಾರು ಕೊಂಡಿದ್ದೆ. ಅವನು ಅದಕ್ಕೆ ಸೋಪಿನ ಡಬ್ಬಿ ಎಂದು ಹೆಸರಿಟ್ಟ. ಅತ್ತಿಗೆಗೆ ಆಗಲೇ ಎದೆಯ ಕಾಯಿಲೆ ಶುರುವಾಗಿತ್ತು. ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಕರಡಿ ಗಾಡಿಯ ಮೆಟ್ಟಿಲು ಅವರ ಮೊಣಕಾಲಿಗಿಂತ ಮೇಲೆ, ಸ್ಟೂಲ್ ಇಟ್ಟುಕೊಂಡು ಹತ್ತಬೇಕು. ಒಂದು ದಿನ ರವಿಕೆಗೆ ಕೊಕ್ಕೆ ಹಾಕಿಸಲು ಬಂದವರು ನನ್ನ ಕಾರನ್ನೇ ನೋಡುತ್ತ ನಿಂತರು.

"ತಮ್ಮಾ, ಇದ್ರಲ್ಲಿ ಬಾಗಿಲು ತೆಗೆದ್ರೆ ಸೀಟು ಅಲ್ಲೇ ಸಿಗುತ್ತಲ್ವಾ? ಹತ್ತೋದೇ ಬೇಡ."

"ಕೂತು ನೋಡಿ ಅತ್ತಿಗೆ," ಎಂದೆ.

ಕೂತರು. ಗಾಡಿ ಹೊರಡಲೂ ಇಲ್ಲ, ನಿಂತಲ್ಲೇ ಇತ್ತು. ಎರಡೂ ಕೈ ತೊಡೆಯ ಮೇಲಿಟ್ಟುಕೊಂಡು ಮದುವೆ ಮನೆಯಲ್ಲಿ ಕೂತವರ ಹಾಗೆ ಕೂತಿದ್ದರು. ಅದೇ ಹೊತ್ತಿಗೆ ಗಂಡ ಮೂಲೆ ತಿರುಗಿ ಬಂದ. ಬೀದಿಯೆಲ್ಲ ಕೇಳುವ ಹಾಗೆ, "ಅಲ್ಲೇ ಇರು, ಇಳೀಬೇಡ. ದರ್ಜಿ ಮನೇಲೇ ಇದ್ಬಿಡು. ನನ್ನ ಮನೆ ಬಾಗಿಲು ಎತ್ತರ, ನಿಂಗಾಗಲ್ಲ," ಎಂದ. ಅತ್ತಿಗೆ ಇಳಿದು ಹೋದರು. ರವಿಕೆ ನನ್ನ ಅಂಗಡಿಯಲ್ಲೇ ಉಳಿಯಿತು.

ಅದಾದ ಮುಂದಿನ ವರ್ಷ ಒಂದು ಮಧ್ಯಾಹ್ನ ಅವರಿಗೆ ಎದೆನೋವು ಬಂತು. ಹಿಂದಿನ ದಿನವೆಲ್ಲ ಮಳೆ ಹೊಯ್ದು ಅಂದು ಬಿಸಿಲು ಬಿದ್ದಿತ್ತು. ನನ್ನ ಹೆಂಡತಿ ಓಡಿಹೋಗಿ ನೋಡಿ ಬಂದು, "ಕಾರು ತೆಗೀರಿ, ಮುಖ ಬೆಳ್ಳಗಾಗಿದೆ," ಎಂದಳು. ನಾನು ಕಾರನ್ನು ಅವರ ಬಾಗಿಲಿಗೇ ತಂದು, ಹಿಂದಿನ ಬಾಗಿಲು ತೆರೆದಿಟ್ಟೆ. ಆಸ್ಪತ್ರೆಗೆ ಡಾಂಬರು ರಸ್ತೆಯಲ್ಲಿ ಊರು ಸುತ್ತಿ ಹೋಗಬೇಕು, ಆದರೂ ಬೇಗ ಹೋಗಬಹುದು. ದಿಣ್ಣೆಯಣ್ಣ ಹೆಂಡತಿಯನ್ನು ಎತ್ತಿಕೊಂಡು ಹೊರಗೆ ಬಂದವನು ನನ್ನ ಕಾರನ್ನು ದಾಟಿ ಕರಡಿ ಗಾಡಿಯ ಕಡೆ ನಡೆದ.

"ಅಣ್ಣಾ, ಇಲ್ಲಿ! ಇದ್ರಲ್ಲಿ ಮಲಗಿಸಿ!"

"ನಾಲ್ಕು ಚಕ್ರ ಎಳೆಯೋ ಗಾಡಿ ಇಟ್ಕೊಂಡು ಊರು ಸುತ್ಲಾ? ಇಟ್ಟಿಗೆ ಗೂಡಿನ ಮೇಲೆ ಹಾದು ಹೋದ್ರೆ ಅರ್ಧ ದಾರಿ. ನೀನು ನಿನ್ ಡಬ್ಬಿ ತಗೊಂಡು ಬಾ, ಯಾರು ಮೊದಲು ಸೇರ್ತಾರೆ ನೋಡೋಣ."

ಯಾರು ಮೊದಲು ಸೇರ್ತಾರೆ ಅಂತೆ! ಹೆಂಡತಿ ಕೈಯಲ್ಲಿ ಸಾಯುತ್ತಿದ್ದಾಳೆ, ಇವನಿಗೆ ಪಂದ್ಯ. ಅತ್ತಿಗೆ ಅವನ ಭುಜದ ಮೇಲಿಂದ ನನ್ನ ಕಾರಿನ ತೆರೆದ ಬಾಗಿಲನ್ನು ನೋಡಿದರು. ಆ ನೋಟ ನನಗೆ ಇವತ್ತಿಗೂ ಮರೆತಿಲ್ಲ. ಜಗಳವಾಡುತ್ತ ನಿಲ್ಲುವ ಹೊತ್ತಲ್ಲ ಅದು. ನನ್ನ ಹೆಂಡತಿ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕರಡಿ ಗಾಡಿಯ ಹಿಂದಿನ ಸೀಟಿನಲ್ಲಿ ಕೂತಳು. ಸ್ಟ್ರೆಚರಾದರೂ ಸಿದ್ಧವಿರಲಿ ಎಂದು ನಾನು ಡಾಂಬರು ರಸ್ತೆಯಲ್ಲಿ ಖಾಲಿ ಕಾರು ಓಡಿಸಿದೆ.

ಆಸ್ಪತ್ರೆಯ ಬಾಗಿಲಲ್ಲಿ ಸ್ಟ್ರೆಚರ್ ಹಿಡಿದುಕೊಂಡು ಕಾದೆ. ವಾರ್ಡಿನವನು ಬಂದು, "ಪೇಷಂಟ್ ಎಲ್ರೀ?" ಎಂದ. "ಬರ್ತಿದಾರೆ," ಎಂದೆ. ಮತ್ತೆ ಬಂದು ಕೇಳಿದ. ಮತ್ತೆ ಅದನ್ನೇ ಹೇಳಿದೆ. ಮೂರನೆಯ ಸಲ ಅವನು ಏನೂ ಕೇಳದೆ ಸ್ಟ್ರೆಚರನ್ನು ಬೇರೆ ಯಾರಿಗೋ ತಳ್ಳಿಕೊಂಡು ಹೋದ.

ಗೂಡಿನ ಹತ್ತಿರ ನಡೆದದ್ದನ್ನು ನನ್ನ ಹೆಂಡತಿ ಹೇಳಿದ್ದಾಳೆ. ಜೇಡಿಗುಂಡಿಯ ಅಂಚಿನಲ್ಲಿ ಅವನು ಗಾಡಿ ನಿಲ್ಲಿಸಿ ಇಳಿದ. ಬಲಗಡೆಯ ಹಬ್ ತಿರುಗಿಸಿದ. ಹತ್ತಿ ಕೂತ. ಲಿವರ್ ಎಳೆದ. ಹಸಿರು ದೀಪ ಹತ್ತಿತು. ಆಮೇಲೆ, ಹಿಂದೆ ತಿರುಗಿಯೂ ನೋಡದೆ, ಕೇಳಿದ.

"ಹಾಕಿದ್ಯಾ?"

ನನ್ನ ಹೆಂಡತಿಗೆ ಅದು ಯಾರಿಗೆ ಕೇಳಿದ್ದು, ಏನು ಕೇಳಿದ್ದು ಒಂದೂ ಅರ್ಥವಾಗಲಿಲ್ಲ. ಅವಳ ತೊಡೆಯ ಮೇಲೆ ಕಣ್ಣುಮುಚ್ಚಿ ಮಲಗಿದ್ದ ಅತ್ತಿಗೆ, ಮನೆ ಬಿಟ್ಟ ಮೇಲೆ ಒಂದು ಮಾತೂ ಆಡದಿದ್ದವರು, ತುಟಿ ಅಲುಗಿಸಿದರು.

"ಹೂಂ, ಹಾಕ್ದೆ."

ಗಾಡಿ ಗುಂಡಿಗಿಳಿಯಿತು. ನಡುವೆ ಹೋಗಿ ನಿಂತಿತು. ಹಿಂದಿನ ಚಕ್ರಗಳು ಗರಗರ ತಿರುಗಿ ಜೇಡಿಯನ್ನು ಎರಚಿದವು, ಮುಂದಿನವು ಮಿಸುಕಲಿಲ್ಲ. ಅವನು ದೀಪವನ್ನು ನೋಡುತ್ತಾನೆ, ಆಕ್ಸಿಲರೇಟರ್ ತುಳಿಯುತ್ತಾನೆ, ಮತ್ತೆ ದೀಪವನ್ನು ನೋಡುತ್ತಾನೆ. "ದೀಪ ಹತ್ತಿದೆ, ದೀಪ ಹತ್ತಿದೆ," ಎಂದು ಬಡಬಡಿಸುತ್ತಿದ್ದನಂತೆ. ತುಳಿದಷ್ಟೂ ಗಾಡಿ ಇಳಿಯಿತು. ಅವನು ಕೆಳಗೆ ಕಾಲಿಡುವ ಹೊತ್ತಿಗೆ ಎರಡೂ ಹಬ್ ಕೆಸರಿನೊಳಗೆ ಹೂತುಹೋಗಿದ್ದವು. ಗೂಡಿನವರು ಟ್ರಾಕ್ಟರ್ ತಂದು ಹಗ್ಗ ಕಟ್ಟಿ ಎಳೆದರು. ಎಳೆಯುವುದರೊಳಗೆ ನನ್ನ ಹೆಂಡತಿಯ ತೊಡೆಯ ಮೇಲೆ ಅತ್ತಿಗೆ ಹೋಗಿಬಿಟ್ಟಿದ್ದರು. ಟ್ರಾಕ್ಟರಿನವನು ಚಕ್ರಕ್ಕೆ ನೀರು ಸುರಿದು ಬಗ್ಗಿ ನೋಡಿ, "ಎಡಗಡೇದು ಲಾಕೇ ಮಾಡಿಲ್ವಲ್ರೀ," ಎಂದ.

ಅಳುತ್ತಾನೆ, ತಲೆ ಚಚ್ಚಿಕೊಳ್ಳುತ್ತಾನೆ ಎಂದುಕೊಂಡಿದ್ದೆವು. ಮನೆಗೆ ಬಂದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು. "ಗಾಡೀದು ತಪ್ಪಿಲ್ಲ. ನಾನು ಕೇಳ್ದೆ. ಹಾಕಿದೀನಿ ಅಂದ್ಳು. ಸಾಯೋ ಹೊತ್ತಲ್ಲೂ ಸುಳ್ಳು ಹೇಳಿದ್ಳು ನೋಡಿ."

ನನ್ನ ಹೆಂಡತಿ ಯಾರಿಗೂ ಎದುರು ಮಾತಾಡುವವಳಲ್ಲ. ಅಂದು ತುಂಬಿದ ಮನೆಯಲ್ಲಿ ಎದ್ದು ನಿಂತಳು. "ಅವ್ರು ನನ್ನ ತೊಡೆ ಮೇಲಿದ್ರು. ಯಾವ ಕೈಯಲ್ಲಿ ಹಾಕೋಕಾಗುತ್ತೆ? ನಿಮಗೆ ಕಣ್ಣಿರಲಿಲ್ವಾ?"

"ಮತ್ತೆ ಹೂಂ ಅಂದಿದ್ದು ಯಾಕೆ?" ಎಂದ. ನಿಜವಾಗಿಯೂ ಗೊತ್ತಿಲ್ಲದವನ ಹಾಗೆ ಕೇಳಿದ. ಅವಳಿಗೆ ಅಲ್ಲಿ ನಿಲ್ಲಲಾಗಲಿಲ್ಲ.

ಈಗ ಕರಡಿ ಮತ್ತೆ ಬಂದಿದೆ. ಯಾರೋ ಹೊಸಬರು ಕಂಪನಿಯನ್ನು ಕೊಂಡು, ಹಳೆಯ ಗಾಡಿಯ ಮೂತಿಯನ್ನೇ ಹೊಸ ಗಾಡಿಗೆ ಅಂಟಿಸಿದ್ದಾರೆ. ಹಬ್ಬೂ ಇಲ್ಲ, ಲಿವರೂ ಇಲ್ಲ, ಒಂದು ಗುಂಡಿ ತಿರುಗಿಸಿದರೆ ನಾಲ್ಕೂ ಚಕ್ರ ಎಳೆಯುತ್ತವೆ. ಕೊಳ್ಳುವವರಲ್ಲಿ ಹೆಚ್ಚಿನವರು ಆ ಗುಂಡಿಯೂ ಇಲ್ಲದ, ಎರಡೇ ಚಕ್ರ ಎಳೆಯುವ ಗಾಡಿ ಕೊಂಡು ಸಿಗ್ನಲ್ಲಿನಲ್ಲಿ ಎಲ್ಲರಿಗಿಂತ ಎತ್ತರಕ್ಕೆ ಕೂರುತ್ತಾರೆ. ಆದರೂ ಮುಂಗಡ ಕೊಟ್ಟು ತಿಂಗಳುಗಟ್ಟಲೆ ಕಾಯುತ್ತಾರೆ. ಸೋಫಾ ಅಂಗಡಿ ಎತ್ತಂಗಡಿಯಾಗಿ ಅಲ್ಲಿ ಗಾಜಿನ ಶೋರೂಮು ಎದ್ದಿದೆ. ಮಣ್ಣಿನ ದಿಣ್ಣೆಯ ಬದಲು ಕಬ್ಬಿಣದ ದಿಣ್ಣೆ ಇಟ್ಟಿದ್ದಾರೆ. ಹಳೆಯ ಕಾಲದ ಮನುಷ್ಯನೊಬ್ಬ ಇದ್ದರೆ ಚೆನ್ನ ಎಂದು ದಿಣ್ಣೆಯಣ್ಣನನ್ನು ಹುಡುಕಿಕೊಂಡು ಬಂದು ಕರೆದುಕೊಂಡು ಹೋದರು.

ಮೊದಲ ದಿನ ಗುಂಡಿ ತಿರುಗಿಸಿದ ಕೂಡಲೇ ಹಳೆಯ ರೂಢಿಯಲ್ಲಿ ಬಾಯಿಂದ ಬಂದೇಬಿಟ್ಟಿತಂತೆ, "ಹಾಕಿದ್ಯಾ?" ಪಕ್ಕದಲ್ಲಿದ್ದ ಗಿರಾಕಿ ಏನೆಂದು ಕೇಳಿದ. ಇವನು ಹಳೆಯ ಹಬ್ಬಿನ ಕಥೆ ಹೇಳಿದ, ಜೇಡಿಗುಂಡಿಯ ಕಥೆ ಬಿಟ್ಟು. ಮ್ಯಾನೇಜರನಿಗೆ ಅದು ಬಹಳ ಹಿಡಿಸಿತು. "ಇದನ್ನ ಬಿಡ್ಬೇಡಿ ಅಂಕಲ್, ಪ್ರತಿ ಸಲ ಕೇಳಿ, ಜನಕ್ಕೆ ಮಜಾ ಬರುತ್ತೆ," ಎಂದ. ಈಗ ಗಾಜಿನ ಗೋಡೆಯ ಮೇಲೆ ಆ ಮಾತನ್ನೇ ದೊಡ್ಡದಾಗಿ ಬರೆಸಿದ್ದಾರೆ. ನಾನೇ ಹೋಗಿ ನೋಡಿ ಬಂದೆ. ಅವನು ಕಬ್ಬಿಣದ ದಿಣ್ಣೆಯ ಬುಡದಲ್ಲಿ ಗಾಡಿ ನಿಲ್ಲಿಸಿ ಕಿಟಕಿಯಿಂದ ತಲೆ ಹೊರಹಾಕಿ, "ಹಾಕಿದ್ಯಾ?" ಎನ್ನುತ್ತಾನೆ. ಒಳಗಿದ್ದವರು, ಹೊರಗಿದ್ದವರು, ಕೌಂಟರಿನವರು ಎಲ್ಲ ಒಟ್ಟಿಗೆ, "ಹೂಂ, ಹಾಕ್ದೆ!" ಎಂದು ಅರಚುತ್ತಾರೆ, ನಗುತ್ತಾರೆ, ಫೋನಿನಲ್ಲಿ ಹಿಡಿಯುತ್ತಾರೆ. ಆ ಕೂಗು ಬರುವವರೆಗೆ ಅವನು ಗಾಡಿ ಹೊರಡಿಸುವುದಿಲ್ಲ.

ಹೋದ ವಾರ ಕರಡಿಯ ಗುರುತಿರುವ ಬಟ್ಟೆ ತಂದು ಶರ್ಟು ಹೊಲಿದುಕೊಡು ಎಂದ. ಟೇಪು ಸುತ್ತಿದೆ. ವಯಸ್ಸಾದರೂ ಚಾಳಿ ಹೋಗಿಲ್ಲ, ಉಸಿರು ಬಿಗಿಹಿಡಿದು ಉಬ್ಬಿ ನಿಂತ.

"ಅಣ್ಣಾ, ದಿನಾ ಅಷ್ಟು ಜನಕ್ಕೆ ಕೇಳ್ತೀರಲ್ಲ," ಎಂದೆ. "ಒಬ್ಬರಾದ್ರೂ ಇಲ್ಲ, ಹಾಕಿಲ್ಲ ಅಂದಿದಾರಾ?"

ಅವನು ನನ್ನನ್ನು ನೋಡಿದ. ಬಾಯಿ ತೆರೆದ, ಬಿಗಿಹಿಡಿದಿದ್ದ ಉಸಿರು ಹೊರಗೆ ಬಂತು. ಬರುತ್ತಲೇ ಇತ್ತು. ಟೇಪು ನನ್ನ ಕೈಯಲ್ಲಿ ಸಡಿಲವಾಯಿತು. ನನಗೆ ಅಯ್ಯೋ ಎನಿಸಲಿಲ್ಲ. ಟೇಪನ್ನು ಬಿಗಿಯಾಗಿ ಎಳೆದು ಆ ಅಳತೆಯನ್ನೇ ಗುರುತು ಹಾಕಿಕೊಂಡೆ. ಶರ್ಟು ಈ ಸಲ ಸರಿಯಾಗಿ ಕೂತಿದೆ, ಜಗಳಕ್ಕೆ ಅವನು ಬಂದಿಲ್ಲ.