ಶಿವಲೀಲಕ್ಕನ ರವಿವಾರದ ಪಾಠ
ದೇವಿಕೊಪ್ಪದ ಶಿವಲೀಲಕ್ಕನ ಎದುರು ಯಾವ ಮಗುವನ್ನೂ ‘ದಡ್ಡ’ ಎನ್ನುವಂತಿಲ್ಲ. ಡಿಸ್ಲೆಕ್ಸಿಯಾದಿಂದ ಓದು ತೊಡಕಾದವರಿಗೆ ನೆರವಾಗುವ ಸಂಘಕ್ಕೆ ಆಕೆ ಅಧ್ಯಕ್ಷೆ. ಸಂಬಳವಿಲ್ಲ, ದನಿ ಮಾತ್ರ ತಹಶೀಲ್ದಾರರದು. ಬಾಯಿ ತಪ್ಪಿ ಆ ಮಾತು ಆಡಿದವರ ಕೈಗೆ ದಿನಪತ್ರಿಕೆಯನ್ನು ತಲೆಕೆಳಗಾಗಿ ಕೊಟ್ಟು, “ಓದ್ರಿ, ಜೋರಾಗಿ” ಎನ್ನುತ್ತಾಳೆ. ಅಪ್ಪಂದಿರು ಬೆವರುತ್ತಾರೆ, ಮಾಸ್ತರರು ಕನ್ನಡಕ ಒರೆಸುತ್ತಾರೆ. “ಯಾಕ್ರಿ, ತಡವರಿಸಾಕ ಹತ್ತೀರಿ? ಆ ಹುಡುಗಗ ದಿನಾ ಇಷ್ಟ ತ್ರಾಸ ಆಗತೈತ್ರಿ” ಎಂದು ನಕ್ಕು ಚಹಾ ಕೊಡುತ್ತಾಳೆ. ಬಸ್ಸಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಹಾಲಿನ ಡೇರಿಯ ಮುಂದೆ ಪತ್ರಿಕೆ ಬಗಲಲ್ಲೇ ಇರುವುದರಿಂದ ಆಕೆಯನ್ನು ಕಂಡವರು ಮಾತನ್ನು ಅಳೆದು ತೂಗಿ ಆಡುತ್ತಾರೆ. ರವಿವಾರ ಆಕೆಯ ಪಡಸಾಲೆಯಲ್ಲಿ ಮಕ್ಕಳಿಗೆ ಪಾಠ. ಅವರ ಹಿಂದೆ ಕಂಬಕ್ಕೆ ಒರಗಿ ಗಂಡ ಅಡಿವೆಪ್ಪ ಕೂರುತ್ತಾನೆ. ‘ಇವನ ತಲ್ಯಾಗ ಏನೂ ಹೋಗಂಗಿಲ್ಲ’ ಎಂದು ಮಾಸ್ತರರು ಹೇಳಿದ ದಿನ ಶಾಲೆ ಬಿಟ್ಟವನು, ಆಮೇಲೆ ಯಾರೆದುರೂ ಪುಸ್ತಕ ತೆರೆದಿಲ್ಲ. ಊರವರನ್ನೆಲ್ಲ ಓದಿಸುವ ಶಿವಲೀಲಕ್ಕ ಅವನಿಗೆ ಮಾತ್ರ ಒಮ್ಮೆಯೂ ಓದೆಂದು ಹೇಳಿದವಳಲ್ಲ. ಕಳೆದ ರವಿವಾರ ಅವನೇ ಮಕ್ಕಳ ಹಾಗೆ ಕೈ ಎತ್ತಿ, ಅವರು ಟೀಚರನ್ನು ಕರೆಯುವಂತೆಯೇ ಕರೆದ: “ಅಕ್ಕೋರ, ನಾನೂ ಒಂದ್ ಸಾಲು ಓದ್ಲೇನ್ರಿ?” ಹುಡುಗರು ಹೋ ಎಂದು ನಕ್ಕರು. ಆಕೆ ನಗಲಿಲ್ಲ. “ಓದ್ರಿ, ಅಗದಿ ಸಾವಕಾಶ ಓದ್ರಿ” ಎಂದು ಚಾಪೆಯ ಮೇಲೆ ಅವನ ಬಾಜು ಕೂತಳು.