ಓದದೆ ಬರೆದ ಮುನ್ನುಡಿ

ಆ ಪುಸ್ತಕವನ್ನು ನಾನು ಪೂರ್ತಿ ಓದಿರಲಿಲ್ಲ. ಓದದೆಯೇ ಅದಕ್ಕೆ ಮುನ್ನುಡಿ ಬರೆದೆ. ಅದು ಸಣ್ಣ ತಪ್ಪು. ದೊಡ್ಡದು ಆಮೇಲೆ ಮಾಡಿದ್ದು.

ಶಾಲಿನಿಬಾಯಿ ಖಾನಾಪುರದ ನಿವೃತ್ತ ಶಿಕ್ಷಕಿ. ಮನೆಮಾತು ಮರಾಠಿ, ಬರೆಯುತ್ತಿದ್ದುದು ಕನ್ನಡ. ಪ್ರಾಣಿಗಳ ಕಥೆಯ ನೆಪದಲ್ಲಿ ಆಳುವವರನ್ನು ಗೇಲಿ ಮಾಡುವ, ಜಗತ್ತೇ ಮೆಚ್ಚಿದ ಒಂದು ಹಳೆಯ ವಿಡಂಬನೆಯನ್ನು ಆರು ವರ್ಷ ಕೂತು ಅನುವಾದಿಸಿದ್ದರು. ನಾನು ಬೆಳಗಾವಿಯಲ್ಲಿ ಸಾಹಿತ್ಯ ಕಲಿಸುವ ಮೇಷ್ಟರೆಂದು, ಹಸ್ತಪ್ರತಿ ಹಿಡಿದು ಸದಾಶಿವನಗರದ ಮನೆಗೆ ಬಂದರು. "ಓದಿ ಹೆಂಗ ಅನಸ್ತೈತಿ ಹಂಗ ಬರೀರಿ ಸರ."

ಏನೂ ಅನ್ನಿಸಲಿಲ್ಲ—ಅದೇ ತೊಂದರೆ. ನಲವತ್ತು ಪುಟಕ್ಕೆ ನಿಂತೆ. ನಗು ಬರಲಿಲ್ಲ, ಸಿಟ್ಟೂ ಬರಲಿಲ್ಲ. ಎಲ್ಲರೂ ಹೊಗಳಿದ್ದು ನನಗೇಕೆ ತಟ್ಟುತ್ತಿಲ್ಲ—ಹಾಗೆಂದು ಒಪ್ಪಿಕೊಂಡರೆ ನನ್ನ ಮರ್ಯಾದೆ ಏನಾಗಬೇಕು? ಕಥೆಯನ್ನಾದರೂ ತಿಳಿಯೋಣವೆಂದು ಅದರ ಕಾರ್ಟೂನ್ ಸಿನಿಮಾ ಹಾಕಿದೆ. ಬಣ್ಣಬಣ್ಣದ ಪ್ರಾಣಿಗಳು ಓಡಾಡಿದವು, ನಾನು ಆಕಳಿಸಿದೆ. ಕೊನೆಯಲ್ಲಿ ಅವು ತಮ್ಮನ್ನಾಳುವವರ ಮೇಲೆ ಮತ್ತೊಮ್ಮೆ ದಂಗೆ ಎದ್ದವು. ಮುನ್ನುಡಿಯಲ್ಲಿ ಆ ದಂಗೆಯನ್ನೇ ಬಾಯ್ತುಂಬ ಹೊಗಳಿ, ನೇರ ಮುದ್ರಣಾಲಯಕ್ಕೇ ಕಳಿಸಿದೆ. ಅಚ್ಚಾದ ಮೇಲೆ ಶಾಲಿನಿಬಾಯಿ ಓದಿರಬೇಕು. ಏನೂ ಕೇಳಲಿಲ್ಲ.

ತಿಂಗಳ ನಂತರ ಖಾಸಬಾಗದಲ್ಲಿ ಪುಸ್ತಕದ ಚರ್ಚೆ. ಹಿರಿಯರೊಬ್ಬರು ಎದ್ದು ನಿಂತು, "ಸರ, ನೀವು ಬರದ ಆ ಕೊನೀ ದಂಗಿ ಇದರಾಗ ಎಲ್ಲೈತ್ರಿ?" ಎಂದರು.

"ಮೂಲದಾಗ ಐತ್ರಿ," ಎಂದೆ. "ಅನುವಾದದಾಗ ಬಿಟ್ಟುಹೋಗಿರಬೇಕು. ಶಾಲಿನಿಬಾಯಿಯವರ ಮನಿಮಾತು ಕನ್ನಡ ಅಲ್ಲಲ್ರೀ…"

ಕೆಲವರು ತಲೆಯಾಡಿಸಿದರು. ಪಕ್ಕದಲ್ಲೇ ಕೂತಿದ್ದ ಶಾಲಿನಿಬಾಯಿ ತಿರುಗಿ ನನ್ನನ್ನು ನೋಡಿದರು. ಅವರ ಒಂದು ಮಾತಿಗೆ ನನ್ನ ಬಣ್ಣ ಬಯಲಾಗುತ್ತಿತ್ತು—ಆಡಲಿಲ್ಲ. ಹೊರಗೆ ಚಪ್ಪಲಿ ಮೆಟ್ಟುವಾಗ ಮಾತ್ರ, "ಓದಿಲ್ಲ ಅಂದಿದ್ರ ನನಗ ಬ್ಯಾಸರ ಆಗ್ತಿರಲಿಲ್ರೀ ಸರ," ಎಂದರು.

ಆಮೇಲೆ ಅವರು ಕನ್ನಡದಲ್ಲಿ ಒಂದು ಸಾಲನ್ನೂ ಬರೆಯಲಿಲ್ಲ. ಒಂಬತ್ತು ವರ್ಷವಾಯಿತು.

ಕಳೆದ ತಿಂಗಳು ಮೂಲವನ್ನೂ ಅವರ ಅನುವಾದವನ್ನೂ ಪಕ್ಕಪಕ್ಕ ಇಟ್ಟುಕೊಂಡು ಕೊನೆಯವರೆಗೆ ಓದಿದೆ. ಆ ಕಥೆ ಈಗಲೂ ನನ್ನೊಳಗೆ ಇಳಿಯಲಿಲ್ಲ—ಸುಳ್ಳೇಕೆ ಹೇಳಲಿ. ಆದರೆ ಆ ಕೊನೆಯ ದಂಗೆ ಮೂಲದಲ್ಲೇ ಇಲ್ಲ, ಸಿನಿಮಾದವರು ಸೇರಿಸಿದ್ದು.

ಖಾನಾಪುರಕ್ಕೆ ಹೋಗಿ ತಪ್ಪೊಪ್ಪಿಕೊಂಡೆ. ಚಹಾ ಕೊಟ್ಟರು. "ನನಗ ಅವತ್ತ ಗೊತ್ತಿತ್ತಲ್ರೀ," ಎಂದರು. "ನನಗ್ಯಾಕ ಹೇಳ್ತೀರಿ? ಅಲ್ಲಿ ಕುಂತವರಿಗೆ ಹೇಳ್ರಿ."

ಪ್ರಶ್ನೆ ಕೇಳಿದ ಹಿರಿಯರು ಈಗಿಲ್ಲ. ಉಳಿದವರು ಎಲ್ಲೆಲ್ಲಿದ್ದಾರೋ—ನಿಮ್ಮಲ್ಲಿ ಯಾರಾದರೂ ಅಂದು ನನ್ನ ಮಾತಿಗೆ ತಲೆಯಾಡಿಸಿದ್ದರೆ, ದಯವಿಟ್ಟು ತಿದ್ದಿಕೊಳ್ಳಿ. ಶಾಲಿನಿಬಾಯಿ ಒಂದು ವಾಕ್ಯವನ್ನೂ ಬಿಟ್ಟಿರಲಿಲ್ಲ. ನಾನು ಓದಿರಲಿಲ್ಲ.